ಆಸ್ಪತ್ರೆಯ ಚೀಟಿಯೇ ಸಾಕ್ಷಿ: ಕೆಲಸದಲ್ಲಿ ಗಾಯಗೊಂಡವರ ವೈದ್ಯಕೀಯ ದಾಖಲೆ ಯಾರ ಹಕ್ಕು?

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಬೆಲ್ಟಿಗೆ ಬೆರಳು ಸಿಕ್ಕುವುದು, ಹೊಸಕೋಟೆಯ ಗೋದಾಮಿನಲ್ಲಿ ಪೆಟ್ಟಿಗೆ ಕಾಲಿನ ಮೇಲೆ ಬೀಳುವುದು, ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ಕೈಮೇಲೆ ಇಳಿಯುವುದು, ದೇವನಹಳ್ಳಿ ಕಡೆಯ ಕಟ್ಟಡದ ಸಾರುವೆಯಿಂದ ಜಾರುವುದು. ಇಂತಹ ಸುದ್ದಿ ನಮ್ಮ ಮನೆಗಳಿಗೆ ಹೊಸದಲ್ಲ. ಗಾಯಗೊಂಡವರನ್ನು ಆಟೋದಲ್ಲೋ ಬೈಕಿನಲ್ಲೋ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡುತ್ತೇವೆ. ತುರ್ತು ವಿಭಾಗದ ವೈದ್ಯರು ಮೊದಲು ಕೇಳುವ ಪ್ರಶ್ನೆ: "ಏನಾಯಿತು? ಎಲ್ಲಿ ಆಯಿತು?"

ಎಷ್ಟೋ ಸಲ ಇದಕ್ಕೆ ಉತ್ತರ ಕೊಡುವುದು ಗಾಯಗೊಂಡವನಲ್ಲ, ಜೊತೆಗೆ ಬಂದ ಮೇಸ್ತ್ರಿ ಅಥವಾ ಸೂಪರ್‌ವೈಸರ್. "ಮನೆಯಲ್ಲಿ ಬಿದ್ದ ಎಂದು ಬರೆಸಿ, ಪೊಲೀಸ್ ಗೊಡವೆ ಯಾಕೆ? ಖರ್ಚು ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ನೋವಿನಲ್ಲಿರುವವನು ತಲೆಯಾಡಿಸುತ್ತಾನೆ. ವೈದ್ಯರು ಹಾಗೆಯೇ ಬರೆಯುತ್ತಾರೆ. ಆ ಒಂದು ಸಾಲು ಮುಂದೆ ಇಡೀ ಕುಟುಂಬದ ಹಕ್ಕನ್ನು ಮುಳುಗಿಸಬಲ್ಲದು. ಆರು ತಿಂಗಳ ನಂತರ ಪರಿಹಾರ ಕೇಳಲು ಹೋದಾಗ, ಎದುರು ಪಕ್ಷದ ವಕೀಲರು ಅದೇ ಚೀಟಿಯನ್ನು ಮುಂದಿಟ್ಟು "ಇದು ಕೆಲಸದಲ್ಲಿ ಆದ ಗಾಯವೇ ಅಲ್ಲ" ಎನ್ನುತ್ತಾರೆ.

ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ) ಮಹಾಪಾಪಗಳಲ್ಲಿ ಎಣಿಸಿದ್ದಾರೆ ಎಂಬುದು ನಮಗೆಲ್ಲ ಗೊತ್ತು. ಆಸ್ಪತ್ರೆಯ ಚೀಟಿಯೂ ಒಂದು ಸಾಕ್ಷ್ಯವೇ. ಅದು ನಿಜ ಹೇಳುವಂತೆ ನೋಡಿಕೊಳ್ಳುವುದು, ಅದರ ಪ್ರತಿಯನ್ನು ಕೇಳಿ ಪಡೆಯುವುದು, ಅದು ಬೇಡದವರ ಕೈಗೆ ಹೋಗದಂತೆ ಕಾಯುವುದು, ಈ ಮೂರೂ ನಮ್ಮ ಕೆಲಸ.

ಮೊದಲ ಗಂಟೆಯಲ್ಲಿ

ಮೊದಲು ಜೀವ, ನಂತರ ಕಾಗದ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಕೊಂಡೊಯ್ಯಿರಿ. ಐಸ್ ನೇರವಾಗಿ ಬೆರಳಿಗೆ ತಾಗಬಾರದು. ಅರಿಶಿನ, ಕಾಫಿಪುಡಿ, ಗ್ರೀಸ್ ಏನನ್ನೂ ಗಾಯಕ್ಕೆ ಮೆತ್ತಬೇಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಪೊಲೀಸ್ ಕಾಗದ ಬರಲಿ ಎಂದು ಚಿಕಿತ್ಸೆ ತಡೆಹಿಡಿಯುವಂತಿಲ್ಲ. ತುರ್ತು ಚಿಕಿತ್ಸೆ ಮೊದಲು, ಕಾನೂನಿನ ಔಪಚಾರಿಕತೆ ನಂತರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ ಚೀಟಿಯನ್ನು ಓದಿ, ಇಲ್ಲವೇ ಓದಬಲ್ಲವರಿಂದ ಓದಿಸಿ. ಅದರಲ್ಲಿ ಈ ಐದು ವಿಷಯಗಳು ಸರಿಯಾಗಿರಬೇಕು:

1. ಹೆಸರು ಮತ್ತು ವಯಸ್ಸು, ಆಧಾರ್‌ನಲ್ಲಿ ಇರುವಂತೆಯೇ. ನಮ್ಮಲ್ಲಿ ಒಂದೇ ಹೆಸರನ್ನು ಮೂರು ರೀತಿ ಬರೆಯುತ್ತಾರೆ. ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತೇವೆ. ಎರಡೂ ಮುಂದೆ ತೊಡಕಾಗುತ್ತವೆ.
2. ಗಾಯವಾದ ದಿನ ಮತ್ತು ಗಂಟೆ.
3. ಗಾಯವಾದ ಸ್ಥಳ: ಯಾವ ಕಾರ್ಖಾನೆ, ಯಾವ ಗ್ಯಾರೇಜು, ಯಾವ ಕಟ್ಟಡ.
4. ಹೇಗಾಯಿತು: ಯಾವ ಯಂತ್ರ, ಯಾವ ಕೆಲಸ ಮಾಡುತ್ತಿದ್ದಾಗ.
5. ಯಾವ ಅಂಗ, ಬಲವೋ ಎಡವೋ, ಯಾವ ಬೆರಳು, ಎಷ್ಟು ಗಿಣ್ಣು.

ತಪ್ಪಿದ್ದರೆ ಅಲ್ಲಿಯೇ ವಿನಯದಿಂದ ಹೇಳಿ. ಚೀಟಿಯನ್ನು ನೀವೇ ತಿದ್ದಲು ಹೋಗಬೇಡಿ, ಹಾಗೆ ತಿದ್ದಿದ ಕಾಗದವನ್ನು ಯಾರೂ ನಂಬುವುದಿಲ್ಲ. ವೈದ್ಯರೇ ತಿದ್ದಿ ಸಹಿ ಹಾಕಬೇಕು. ಕೆಲಸದ ಸ್ಥಳದ ಅಪಘಾತವನ್ನು ಆಸ್ಪತ್ರೆಯವರು 'ಎಂಎಲ್‌ಸಿ' ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಇದರಿಂದ ಹೆದರಬೇಕಾದ್ದಿಲ್ಲ. ಅದು ಗಾಯಾಳುವಿನ ಮೇಲೆ ಹಾಕುವ ಕೇಸಲ್ಲ, ಗಾಯ ಎಲ್ಲಿ ಹೇಗೆ ಆಯಿತು ಎಂಬುದಕ್ಕೆ ಅಂದೇ ಹುಟ್ಟುವ ಸರ್ಕಾರಿ ದಾಖಲೆ. ಎಂಎಲ್‌ಸಿ ನಂಬರನ್ನು ಬರೆದಿಟ್ಟುಕೊಳ್ಳಿ.

ಪರಿಹಾರಕ್ಕೆ ಎರಡು ದಾರಿ

ಮೊದಲನೆಯದು ಇಎಸ್‌ಐ. ಹತ್ತು ಅಥವಾ ಹೆಚ್ಚು ಜನ ದುಡಿಯುವ, ಇಎಸ್‌ಐ ವ್ಯಾಪ್ತಿಯ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದಕ್ಕೆ ಸೇರುತ್ತಾರೆ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಜೊತೆಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ತಾತ್ಕಾಲಿಕ ಅಂಗವಿಕಲತಾ ಭತ್ಯೆ ಸಿಗುತ್ತದೆ. ಶಾಶ್ವತ ನಷ್ಟವಾಗಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುವ ಪ್ರಮಾಣದಲ್ಲಿ ಜೀವನಪೂರ್ತಿ ಭತ್ಯೆ ಬರುತ್ತದೆ. ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿಲ್ಲ, ಸೇರಿದ ಮೊದಲ ದಿನದ ಗಾಯಕ್ಕೂ ಹಕ್ಕಿದೆ. ಇಲ್ಲಿ ಮುಖ್ಯ ಕಾಗದ ಮಾಲೀಕರು ಕಳುಹಿಸುವ ಅಪಘಾತ ವರದಿ. ಅದು ಹೋಗಿದೆಯೇ ಎಂದು ಕೇಳಿ, ಪ್ರತಿ ಪಡೆಯಿರಿ.

ಎರಡನೆಯದು ಇಎಸ್‌ಐ ಇಲ್ಲದವರ ದಾರಿ. ನಾಲ್ಕಾರು ಜನರ ಮಗ್ಗದ ಮನೆ, ಸಣ್ಣ ವೆಲ್ಡಿಂಗ್ ಅಂಗಡಿ, ಕಟ್ಟಡದ ಕೆಲಸ, ಲಾರಿ ಚಾಲಕ ಮತ್ತು ಕ್ಲೀನರ್ ಮುಂತಾದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಆಸರೆಯಾಗಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದ್ದು, ಈ ಹಳೆಯ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಅದರಲ್ಲಿ ವಿಲೀನವಾಗಿವೆ. ನೌಕರರ ಪರಿಹಾರದ ವಿಷಯ ಅದರ 7ನೇ ಅಧ್ಯಾಯದಲ್ಲಿದೆ. ಮೂಲ ತತ್ವ ಬದಲಾಗಿಲ್ಲ: ಕೆಲಸದ ಕಾರಣದಿಂದ, ಕೆಲಸದ ಸಮಯದಲ್ಲಿ ಆದ ಗಾಯಕ್ಕೆ ಮಾಲೀಕ ಹೊಣೆ. ಗುತ್ತಿಗೆದಾರನ ಮೂಲಕ ಬಂದವರ ಹೊಣೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕನ ಮೇಲೂ ಬರುತ್ತದೆ. ಇಎಸ್‌ಐ ಭತ್ಯೆಗೆ ಅರ್ಹರಾದವರು ಅದೇ ಗಾಯಕ್ಕೆ ಈ ಎರಡನೇ ದಾರಿಯಲ್ಲಿ ಪರಿಹಾರ ಕೇಳುವಂತಿಲ್ಲ. ಆದ್ದರಿಂದ ನೀವು ಯಾವ ದಾರಿಯವರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಒಂದು ಬೆರಳಿನ ಲೆಕ್ಕ

ಚೀಟಿಯ ಒಂದು ಪದಕ್ಕೆ ಎಷ್ಟು ಬೆಲೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮೂವತ್ತು ವರ್ಷ ತುಂಬಿದ, ತಿಂಗಳಿಗೆ 15,000 ರೂಪಾಯಿ ದುಡಿಯುವ ಒಬ್ಬ ಕೆಲಸಗಾರನ ತೋರುಬೆರಳು ಯಂತ್ರಕ್ಕೆ ಸಿಕ್ಕಿತು ಎಂದುಕೊಳ್ಳಿ. 1923ರ ಕಾಯ್ದೆಯ ಲೆಕ್ಕದಲ್ಲಿ ಸಂಬಳದ ಶೇ. 60, ಅಂದರೆ 9,000 ರೂಪಾಯಿಯನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಶ 207.98. ಗುಣಿಸಿದರೆ 18,71,820 ರೂಪಾಯಿ. ಇದು ದುಡಿಯುವ ಶಕ್ತಿ ಪೂರ್ತಿ ಹೋದವರ ಮೊತ್ತ. ಭಾಗಶಃ ನಷ್ಟವಾದವರಿಗೆ ಇದರಲ್ಲಿ ಶೇಕಡಾವಾರು ಪಾಲು.

ಕಾಯ್ದೆಯ ಪಟ್ಟಿಯಲ್ಲಿ ಇಡೀ ತೋರುಬೆರಳಿಗೆ ಶೇ. 14, ಎರಡು ಗಿಣ್ಣು ಹೋದರೆ ಶೇ. 11, ಒಂದು ಗಿಣ್ಣು ಹೋದರೆ ಶೇ. 9, ಮೂಳೆಗೆ ನಷ್ಟವಾಗದೆ ತುದಿ ಮಾತ್ರ ಕತ್ತರಿಸಿದ್ದರೆ ಶೇ. 5. ಇಡೀ ಬೆರಳಿಗೆ ಸುಮಾರು 2,62,000 ರೂಪಾಯಿ, ಒಂದು ಗಿಣ್ಣಿಗೆ ಸುಮಾರು 1,68,000, ತುದಿಗೆ ಸುಮಾರು 93,600. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ "ಬೆರಳಿಗೆ ಗಾಯ" ಎಂದಿದ್ದರೆ ಇವುಗಳಲ್ಲಿ ಯಾವುದು? ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇಲ್ಲದೆ ಹೇಳುವವರು ಯಾರು? ವಯಸ್ಸೂ ಹಾಗೆಯೇ. ಆಸ್ಪತ್ರೆಯಲ್ಲಿ 30ರ ಬದಲು 35 ಎಂದು ಬರೆದರೆ ಅಂಶ 197.06ಕ್ಕೆ ಇಳಿಯುತ್ತದೆ, ಪೂರ್ತಿ ಮೊತ್ತದಲ್ಲಿ 98,280 ರೂಪಾಯಿ ಕಡಿಮೆಯಾಗುತ್ತದೆ.

ಪಟ್ಟಿಯಲ್ಲಿಲ್ಲದ ಗಾಯಗಳಿಗೆ, ಉದಾಹರಣೆಗೆ ಬೆನ್ನುಮೂಳೆಯ ಪೆಟ್ಟಿಗೆ ಅಥವಾ ಮಡಚಲಾಗದ ಮೊಣಕಾಲಿಗೆ, ಅರ್ಹ ವೈದ್ಯರು ದುಡಿಮೆಯ ಶಕ್ತಿ ಎಷ್ಟು ಕುಂದಿದೆ ಎಂದು ಅಂದಾಜು ಮಾಡಬೇಕು. ಇಲ್ಲಿ ಕೆಲಸದ ವಿವರ ಮುಖ್ಯ. ಕೆಲಸದ ವೇಳೆ ಬಿದ್ದು ಎಡಗೈಯನ್ನು ಮೊಣಕೈಯಿಂದ ಮೇಲೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವರ ನಷ್ಟ ಶೇ. 100 ಎಂಬುದನ್ನು ಸುಪ್ರೀಂ ಕೋರ್ಟ್ 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಹಾಗಾಗಿ ವೈದ್ಯರಿಗೆ ಬರೀ "ಕೂಲಿ" ಎನ್ನಬೇಡಿ. "ಮಗ್ಗ ನಡೆಸುತ್ತೇನೆ, ಎರಡೂ ಕೈ ಬೇಕು", "ಲಾರಿ ಓಡಿಸುತ್ತೇನೆ, ಕ್ಲಚ್ ಒತ್ತಲಾಗುತ್ತಿಲ್ಲ" ಎಂದು ಬಿಡಿಸಿ ಹೇಳಿ.

ಹಾಗೆಂದು ಹೆಚ್ಚು ಶೇಕಡಾ ಬರೆದುಕೊಡುವ ವೈದ್ಯರನ್ನು ಹುಡುಕಿಕೊಂಡು ಹೋಗುವುದು ಹರಾಮ್ ದಾರಿ, ನಷ್ಟದ ದಾರಿಯೂ ಹೌದು. ಚಿಕಿತ್ಸೆ ಕೊಡದ ವೈದ್ಯರು ಸುಲಭವಾಗಿ ಕೊಡುವ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಬೇಕೆಂದು ಸುಪ್ರೀಂ ಕೋರ್ಟ್ 2010ರ ವಾಹನ ಅಪಘಾತ ಪ್ರಕರಣವೊಂದರಲ್ಲಿ ಕೆಳಗಿನ ನ್ಯಾಯಮಂಡಳಿಗಳಿಗೆ ತಿಳಿಹೇಳಿದೆ. ಗಾಯ ಪೂರ್ತಿ ಮಾಗಿದ ಮೇಲೆ ಚಿಕಿತ್ಸೆ ನೀಡಿದ ವೈದ್ಯರಿಂದಲೇ ಅಂದಾಜು ಮಾಡಿಸಿ.

ದಾಖಲೆ ಕೇಳುವುದು ಹೇಗೆ?

"ಫೈಲು ಆಸ್ಪತ್ರೆಯದು, ಕೊಡಲಾಗುವುದಿಲ್ಲ" ಎಂಬ ಉತ್ತರ ಕೇಳಿ ಮರಳುವವರೇ ಹೆಚ್ಚು. ಇದು ಸರಿಯಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದಿರುವುದು ವೈದ್ಯರ ದುರ್ನಡತೆ ಎನಿಸುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ದಾಖಲೆಯ ಪ್ರತಿ ಪಡೆಯುವ ಹಕ್ಕಿದೆ. ನಕಲಿನ ಖರ್ಚನ್ನು ನಾವು ಕೊಡಬೇಕಾಗುತ್ತದೆ, ಅಷ್ಟೇ.

ಬಾಯಿಮಾತಿನಲ್ಲಿ ಕೇಳಿದರೆ ಗುರುತು ಉಳಿಯುವುದಿಲ್ಲ. ಕನ್ನಡದಲ್ಲೇ ಹೀಗೆ ಬರೆಯಿರಿ:

"ವೈದ್ಯಕೀಯ ಅಧೀಕ್ಷಕರಿಗೆ. ನಾನು ಇಂತಹ ದಿನ ತಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗಿದ್ದೆ. ನನ್ನ ಐಪಿ ನಂಬರ್ ಇಷ್ಟು, ಎಂಎಲ್‌ಸಿ ನಂಬರ್ ಇಷ್ಟು. ತುರ್ತು ವಿಭಾಗದ ಟಿಪ್ಪಣಿ, ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಾರಾಂಶ ಹಾಗೂ ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು 2002ರ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ರೋಗಿಗೆ ಹೋಗಲಾಗದಿದ್ದರೆ ಹೆಂಡತಿ ಅಥವಾ ಮಗನ ಹೆಸರಿಗೆ ಒಪ್ಪಿಗೆ ಪತ್ರ ಬರೆದು ಕೊಡಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ನಿಮ್ಮದೇ ದಾಖಲೆ ಕೇಳಬಹುದು, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಖಾಸಗಿ ಆಸ್ಪತ್ರೆ ಸತಾಯಿಸಿದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪರಿಹಾರದ ಅರ್ಜಿ ಹಾಕಿದ ಮೇಲಾದರೆ, ವಿಚಾರಣೆ ನಡೆಸುವವರೇ ಆಸ್ಪತ್ರೆಗೆ ಸಮನ್ಸ್ ಕಳುಹಿಸಿ ದಾಖಲೆ ತರಿಸಬಲ್ಲರು.

ಹೊರರೋಗಿ ಚೀಟಿಯ ಬಗ್ಗೆ ಒಂದು ಮಾತು. ಮೇಲೆ ಹೇಳಿದ 3 ವರ್ಷದ ನಿಯಮ ಒಳರೋಗಿಗಳದು. ಹೊರರೋಗಿ ಚೀಟಿಗೆ ಎಷ್ಟೋ ಕಡೆ ನಿಮ್ಮ ಕೈಯಲ್ಲಿರುವುದೇ ಏಕೈಕ ಪ್ರತಿ.

ಮಾಲೀಕರು ಏನನ್ನು ನೋಡಬಹುದು?

ಗಾಯದ ವಿಷಯ ತಿಳಿಸಿದ ಮೇಲೆ ಮಾಲೀಕರು 3 ದಿನದೊಳಗೆ ತಮ್ಮ ಖರ್ಚಿನಲ್ಲಿ ಅರ್ಹ ವೈದ್ಯರಿಂದ ತಪಾಸಣೆ ಮಾಡಿಸಲು ಮುಂದಾಗಬಹುದು. ಅದಕ್ಕೆ ನಾವು ಒಪ್ಪಬೇಕು. ಕಾರಣವಿಲ್ಲದೆ ನಿರಾಕರಿಸಿದರೆ ಪರಿಹಾರದ ಹಕ್ಕು ಅಷ್ಟು ಕಾಲ ತಡೆಯಲ್ಪಡುತ್ತದೆ. ಆದರೆ ತಪಾಸಣೆಯ ಹಕ್ಕು ಎಂದರೆ ನಮ್ಮ ಇಡೀ ಆರೋಗ್ಯದ ಚರಿತ್ರೆಯನ್ನು ತೆರೆದು ನೋಡುವ ಹಕ್ಕಲ್ಲ. ರೋಗಿಯಿಂದ ತಿಳಿದ ಗುಟ್ಟನ್ನು ವೈದ್ಯರು ಹೊರಗೆ ಹೇಳಬಾರದು ಎಂಬುದು ಅದೇ 2002ರ ನಿಯಮ. ನ್ಯಾಯಾಲಯದ ಆದೇಶದಂತಹ ಕೆಲವೇ ವಿನಾಯಿತಿಗಳಿವೆ. ಎಚ್‌ಐವಿ ಸ್ಥಿತಿಗೆ 2017ರ ಪ್ರತ್ಯೇಕ ಕಾಯ್ದೆಯ ರಕ್ಷಣೆಯೂ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೋಗಿಯ ಗುಟ್ಟು ವೈದ್ಯರ ಬಳಿಯ ಅಮಾನತ್.

ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮಾಲೀಕರೋ ವಿಮಾ ಕಂಪನಿಯವರೋ ಒಪ್ಪಿಗೆ ಪತ್ರ ತಂದರೆ ಅದರಲ್ಲಿ ಆಸ್ಪತ್ರೆಯ ಹೆಸರು, ದಿನಾಂಕ ಮತ್ತು "ಈ ಗಾಯಕ್ಕೆ ಸಂಬಂಧಿಸಿದ ದಾಖಲೆ ಮಾತ್ರ" ಎಂಬ ಮಾತು ಇರಲಿ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಸಹೋದರಿಯರ ಹೆರಿಗೆ ಅಥವಾ ಸ್ತ್ರೀರೋಗದ ಕಾಗದಗಳಿಗೂ ಕೈಗೆ ಚುಚ್ಚಿದ ಸೂಜಿಗೂ ಏನು ಸಂಬಂಧ? ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಹಳೆಯ ಕಾಯ್ದೆಯ 1924ರ ನಿಯಮಗಳಲ್ಲೇ, ಮಹಿಳೆಯ ಒಪ್ಪಿಗೆ ಇಲ್ಲದೆ, ಇನ್ನೊಬ್ಬ ಮಹಿಳೆ ಜೊತೆಗಿಲ್ಲದೆ ಪುರುಷ ವೈದ್ಯರು ಇಂತಹ ತಪಾಸಣೆ ಮಾಡುವಂತಿಲ್ಲ ಎಂದಿತ್ತು. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಸಂಕೋಚ ಬೇಡ.

ಮರಣ ಸಂಭವಿಸಿದರೆ

ಅಲ್ಲಾಹನು ಎಲ್ಲರನ್ನೂ ಕಾಪಾಡಲಿ. ಕೆಲಸದ ಸ್ಥಳದಲ್ಲಿ ಮರಣವಾದಾಗ ಬೇಗ ದಫನ ಮಾಡಬೇಕೆಂಬ ಆತುರದಲ್ಲಿ ಮರಣೋತ್ತರ ಪರೀಕ್ಷೆ ಬೇಡ ಎನ್ನುವ ಕುಟುಂಬಗಳಿವೆ. ಅವರ ನೋವು ಅರ್ಥವಾಗುತ್ತದೆ. ಆದರೆ ಸಾವು ಹೇಗಾಯಿತು ಎಂಬುದಕ್ಕೆ ಮುಂದೆ ಆ ವರದಿಯೇ ಮುಖ್ಯ ಆಧಾರ. ಅದಿಲ್ಲದಿದ್ದರೆ "ಮೊದಲೇ ಕಾಯಿಲೆ ಇತ್ತು" ಎಂಬ ಮಾತಿಗೆ ವಿಧವೆಯ ಬಳಿ ಉತ್ತರ ಇರುವುದಿಲ್ಲ. ಕಾನೂನು ಬಯಸುವ ಅನಿವಾರ್ಯ ಸಂದರ್ಭದಲ್ಲಿ ಇದಕ್ಕೆ ಅವಕಾಶವಿದೆ ಎಂದು ಹೇಳಿದ ಉಲಮಾಗಳಿದ್ದಾರೆ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಲು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಅವಕಾಶ ನೀಡಿದೆ. ಕೊಲೆ, ಆತ್ಮಹತ್ಯೆಯಂತಹ ಪ್ರಕರಣಗಳು ಸಾಮಾನ್ಯವಾಗಿ ಇದರಿಂದ ಹೊರಗೆ. ಕೇಳಿ ನೋಡಿದರೆ ಜನಾಝಾ ತಡವಾಗದಿರಬಹುದು. ಬಿಲ್ಲು ಬಾಕಿಯಿದೆ ಎಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ.

ರಾಜಿ ಮತ್ತು ಗಡುವು

ನಮ್ಮಲ್ಲಿ ಇಂತಹ ವಿಷಯಗಳು ಮಸೀದಿಯ ಅಂಗಳದಲ್ಲಿ ನಾಲ್ಕು ಹಿರಿಯರ ಮುಂದೆ ಇತ್ಯರ್ಥವಾಗುವುದುಂಟು. ಸಂಧಾನ ಒಳ್ಳೆಯದೇ. ಆದರೆ ಐವತ್ತು ಸಾವಿರ ಕೈಗಿಟ್ಟು "ಇನ್ನು ಯಾವ ಹಕ್ಕೂ ಇಲ್ಲ" ಎಂದು ಬರೆಸಿಕೊಂಡ ಕಾಗದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವನ್ನೇ 1923ರ ಕಾಯ್ದೆ ಅಸಿಂಧು ಎಂದಿತು. ಮರಣದ ಪರಿಹಾರವನ್ನೂ, ಗಾಯಗೊಂಡ ಮಹಿಳೆಗೆ ಕೊಡುವ ಇಡುಗಂಟನ್ನೂ ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕಿತ್ತು. ರಾಜಿ ಮಾಡಿಕೊಂಡರೂ ಅದನ್ನು ಅವರಲ್ಲಿ ನೋಂದಾಯಿಸಬೇಕು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ಈ ಅರ್ಜಿಗಳನ್ನು ವಿಚಾರಿಸುತ್ತಾ ಬಂದಿದ್ದಾರೆ. ನೋಂದಣಿಯಿಂದ ಮಾಲೀಕರಿಗೂ ರಕ್ಷಣೆ, ನಾಳೆ ಅದೇ ಗಾಯಕ್ಕೆ ಇನ್ನೊಮ್ಮೆ ಕೇಳುವವರಿರುವುದಿಲ್ಲ.

ನಮ್ಮಲ್ಲಿ ಗ್ಯಾರೇಜು, ಮಗ್ಗ, ಗುಜರಿ ಅಂಗಡಿ ನಡೆಸುವ ಮಾಲೀಕರೂ ಇದ್ದಾರೆ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಂಬುವವರು, ರಕ್ತ ಸುರಿಸಿದವನನ್ನು "ಮನೆಯಲ್ಲಿ ಬಿದ್ದೆ ಎನ್ನು" ಎಂದು ಒತ್ತಾಯಿಸಲಾಗದು. ಪರಿಹಾರ ತಡಮಾಡಿದರೆ ವರ್ಷಕ್ಕೆ ಶೇ. 12 ಬಡ್ಡಿ, ಸಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ ಎಂಬುದೂ ಕಾಯ್ದೆಯಲ್ಲಿದೆ.

ಗಾಯವಾದ ಕೂಡಲೇ ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ಅರ್ಜಿ ಹಾಕಲು ಅಪಘಾತ ಅಥವಾ ಮರಣದ ದಿನದಿಂದ 2 ವರ್ಷ ಅವಕಾಶ. ವಕೀಲರ ಶುಲ್ಕದ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಮಹಿಳೆಯರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100.

ಮನೆಯಲ್ಲೊಂದು ಫೈಲು

ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಕಲಿಸುವ ಅಲ್ ಬಕರಾದ 282ನೇ ವಚನವೇ ಕುರ್‌ಆನಿನ ಅತಿ ದೀರ್ಘ ವಚನ. ಬರವಣಿಗೆಯ ಬೆಲೆಯನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಒಂದು ಪ್ಲಾಸ್ಟಿಕ್ ಫೈಲು ತನ್ನಿ. ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಮೆಡಿಕಲ್ ಅಂಗಡಿಯ ಯಂತ್ರದ ಬಿಲ್ಲುಗಳ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕರಿಂದ ಕೇಳಬಹುದು. ಎಕ್ಸ್‌ರೇ ಫಿಲ್ಮ್‌ಗಳನ್ನು ಮಡಚದೆ, ತೇವ ತಾಗದಂತೆ ಇಡಿ. ಎಲ್ಲದರ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇರಿಸಿ. ವಾಟ್ಸ್ಆ್ಯಪ್ ಗುಂಪುಗಳಿಗೆ ಮಾತ್ರ ಹಾಕಬೇಡಿ. ಮೂಲ ಕಾಗದವನ್ನು ಯಾರಿಗೂ ಕೊಡಬೇಡಿ, ಕೊಡಲೇಬೇಕಾದರೆ ರಸೀದಿ ಪಡೆಯಿರಿ. ಸಂಬಳದ ಚೀಟಿ, ಬ್ಯಾಂಕ್ ಪುಸ್ತಕ, ಹಾಜರಾತಿಯ ಫೋಟೋ, ಅಂದು ಜೊತೆಗಿದ್ದವರ ಹೆಸರು ಮತ್ತು ಫೋನ್ ನಂಬರ್ ಕೂಡ ಅದೇ ಫೈಲಿನಲ್ಲಿರಲಿ.

ಈ ವಾರ ಜುಮಾ ಮುಗಿಸಿ ಮನೆಗೆ ಬಂದಾಗ, ದುಡಿಯಲು ಹೋಗುವ ಮಗನಿಗೂ ಮಗಳಿಗೂ ಒಂದೇ ಮಾತು ಹೇಳಿ: ಪೆಟ್ಟಾದರೆ ಆಸ್ಪತ್ರೆಯಲ್ಲಿ ನಿಜ ಹೇಳು, ಚೀಟಿಯನ್ನು ಮನೆಗೆ ತಾ.